ಜಾವಾ 250ರ ಮುಂದಿನ ಟೈರು: ರಿಬ್ ಹಾಕೋದಾ, ಬಟನ್ ಹಾಕೋದಾ? 3.50 ಕೂರುತ್ತಾ?

ಮದ್ದೂರು ಜಾವಾ

ಗಾಡಿ 1969ರ ಜಾವಾ 250, ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿದೇ. 16 ಇಂಚಿನ ಕ್ರೋಮ್ ರಿಮ್ಮು, ಮುಂದೆ ಹಿಂದೆ ಎರಡಕ್ಕೂ 3.25-16 (ಟೈರಿನ ಅಗಲ 3.25 ಇಂಚು, ರಿಮ್ಮು 16 ಇಂಚು). ಮುಂದಿನ ಟೈರಲ್ಲಿ ಬಟನ್ (ನೆಲಕ್ಕೆ ತಾಗೋ ರಬ್ಬರಿನ ಉಬ್ಬು) ಇನ್ನೂ ಇದೆ, ಆದರೆ ರಿಮ್ಮಿಗೆ ಹತ್ತಿರ ಸೈಡಿನ ಸುತ್ತ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ವೇಗ 50ರ ಸುಮಾರಿಗೆ ಇದ್ದಾಗ ಆಕ್ಸಿಲರೇಟರ್ ಬಿಟ್ಟರೆ ಹ್ಯಾಂಡಲ್ ನಡುಗುತ್ತೆ, ಗಟ್ಟಿಯಾಗಿ ಹಿಡಿದರೆ ನಿಲ್ಲುತ್ತೆ.

ಓಡಾಟ ಹೆಚ್ಚಾಗಿ ಮದ್ದೂರು–ಮಂಡ್ಯ ಸರ್ವೀಸ್ ರೋಡಲ್ಲಿ (ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡೋದಿಲ್ಲವಲ್ಲ), ಗದ್ದೆ ಕಡೆಗೆ ನಾಲೆ ಏರಿ ಮೇಲೆ, ಆಗಾಗ ಮೈಸೂರಿಗೆ.

ಕೇಳಬೇಕಾಗಿರೋದು ಇಷ್ಟು. ಉದ್ದ ಗೆರೆಯ ರಿಬ್ ಟೈರು ಒಳ್ಳೇದಾ, ಬಟನ್ ಟೈರಾ? ಅಂಗಡಿಯವರು 3.50-16 ಹಾಕಿ, ಹಿಡಿತ ಜಾಸ್ತಿ ಬರುತ್ತೆ ಅಂತಾರೆ, ಸರಿಯಾ? ಟೈರನ್ನ ಮನೆಯಲ್ಲೇ ಹಾಕೋ ಯೋಚನೆ ಇದೆ, ಕ್ರೋಮ್ ಕೆರೆಯದ ಹಾಗೆ ಹೇಗೆ ಮಾಡೋದು?

ಹಳೇಚಕ್ರ, ಮೈಸೂರು

ಬಿರುಕು ರಿಮ್ಮಿನ ಹತ್ತಿರ ಇದೆ ಅಂದರೆ ಬಟನ್ ಎಷ್ಟಿದ್ದರೂ ಆ ಟೈರು ಮುಗೀತು. ಟೈರು ಬಾಗಿ ಬಾಗಿ ಎದ್ದೇಳೋ ಜಾಗ ಅದೇ, ಒಳಗಿನ ನೈಲಾನ್ ಎಳೆಗೆ ನೀರು ಇಳಿಯೋದೂ ಅಲ್ಲಿಂದಲೇ. ವರ್ಷಕ್ಕೆ ಸಾವಿರ ಎರಡು ಸಾವಿರ ಕಿಲೋಮೀಟರ್ ಓಡೋ ಹಳೇ ಗಾಡಿಗಳಲ್ಲಿ ಟೈರು ಸವೆದು ಹಾಳಾಗೋದಕ್ಕಿಂತ ವಯಸ್ಸಾಗಿ ಹಾಳಾಗೋದೇ ಹೆಚ್ಚು. ಬಿಸಿಲು ಬೀಳೋ ಶೆಡ್ಡು, ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ನಿಂತ ಗಾಡಿ, ಇವೆರಡೇ ಸಾಕು ರಬ್ಬರ್ ಸಾಯೋದಕ್ಕೆ. ಉಗುರಿನಿಂದ ಒತ್ತಿ ನೋಡಿ. ಒಳ್ಳೇ ರಬ್ಬರ್ ಆದರೆ ಉಗುರಿನ ಗುರುತು ಮೂಡಿ ಮಾಯವಾಗುತ್ತೆ, ಸತ್ತದ್ದಾದರೆ ಉಗುರೇ ಜಾರುತ್ತೆ. ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಅಂಥ ಟೈರು ಹಾಗೇ ಜಾರುತ್ತೆ.

ಅದಕ್ಕೇ ಹೊಸದು ತಗೊಳ್ಳುವಾಗ ಕಂಪನಿಗಿಂತ ಮೊದಲು ತಾರೀಖು ನೋಡಿ. ಸೈಡಿನಲ್ಲಿ ಡಿಒಟಿ (DOT) ಅಂತ ಶುರುವಾಗೋ ಅಕ್ಷರ-ಅಂಕಿಗಳ ಸಾಲಿನ ಕೊನೆಗೋ ಅಥವಾ ಬೇರೆಯಾಗಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೋ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಅಂದರೆ 2024ರ 23ನೇ ವಾರ, ಜೂನ್ ಮೊದಲ ಭಾಗ. 16 ಇಂಚಿನ 3.25 ದಿನಾ ಖರ್ಚಾಗೋ ಸೈಜಲ್ಲ, ಅಂಗಡಿಯ ಅಟ್ಟದಲ್ಲಿ ಹಳೇ ಮಾಲು ಕೂತಿರುತ್ತೆ. ಐದು ವರ್ಷ ದಾಟಿದ್ದನ್ನ ಅರ್ಧ ಬೆಲೆಗೆ ಕೊಟ್ಟರೂ ಮುಂದಿನ ಚಕ್ರಕ್ಕೆ ಬೇಡ. ತಂತಿಯಿಂದ ಬಿಗಿದು ಚಪ್ಪಟೆ ಮಾಡಿಟ್ಟ ಟೈರನ್ನೂ ಬಿಡಿ, ಬೀಡ್ (ರಿಮ್ಮಿನೊಳಗೆ ಕೂರೋ ಟೈರಿನ ಗಟ್ಟಿ ಅಂಚು) ಆಕಾರ ಕೆಟ್ಟಿರುತ್ತೆ, ರಿಮ್ಮಿನ ಮೇಲೆ ಸಮ ಕೂರೋದಿಲ್ಲ.

ಸೈಜಿನ ಪಕ್ಕದ ಅಂಕಿ ಮತ್ತು ಅಕ್ಷರವನ್ನೂ ಓದಿ. ಅಂಕಿ ಭಾರಕ್ಕೆ, ಅಕ್ಷರ ವೇಗಕ್ಕೆ. 48 ಅಂದರೆ 180 ಕೆ.ಜಿ., 50 ಅಂದರೆ 190 ಕೆ.ಜಿ. ಜಾವಾದ ಮುಂದಿನ ಚಕ್ರದ ಮೇಲೆ ಇಬ್ಬರು ಕೂತರೂ ಅಷ್ಟು ಭಾರ ಬೀಳೋದಿಲ್ಲ, ಚಿಂತೆಯಿಲ್ಲ. ಅಕ್ಷರ ಜೆ ಆದರೆ 100 ಕಿ.ಮೀ., ಎಲ್ ಆದರೆ 120, ಪಿ ಆದರೆ 150. ಎಲ್ ಅಥವಾ ಅದಕ್ಕಿಂತ ಮೇಲಿನದು ತಗೊಳ್ಳಿ.

ಇನ್ನು ಬಾಣದ ಗುರುತು. ಎರಡೂ ಕಡೆಗೆ ಆಗೋ ಟೈರಿನ ಮೇಲೆ ಮುಂದಕ್ಕೊಂದು ಹಿಂದಕ್ಕೊಂದು ಬಾಣ ಇರುತ್ತೆ, ಅವು ಒಂದಕ್ಕೊಂದು ಎದುರು ದಿಕ್ಕು. ಹಿಂದಿನ ಚಕ್ರ ರಸ್ತೆಯನ್ನ ಹಿಂದಕ್ಕೆ ತಳ್ಳುತ್ತೆ, ಮುಂದಿನದು ಬ್ರೇಕಿನಲ್ಲಿ ತಡೆಯುತ್ತೆ. ಬಲ ಬೀಳೋ ದಿಕ್ಕು ಎರಡರಲ್ಲೂ ಉಲ್ಟಾ, ಅದಕ್ಕೆ ತಕ್ಕ ಹಾಗೆ ಒಳಗಿನ ರಬ್ಬರಿನ ಜೋಡಣೆ ಇರುತ್ತೆ. ಸೈಜು ಒಂದೇ ಅಂತ ಹಿಂದಿನ ಟೈರು ತೆಗೆದು ಅದೇ ದಿಕ್ಕಿಗೆ ಮುಂದಕ್ಕೆ ಹಾಕೋದು ಜಾವಾದವರು ಮಾಡೋ ದೊಡ್ಡ ತಪ್ಪು. ಸವೆದ ಹಿಂದಿನ ಟೈರು ನಡುವೆ ಚಪ್ಪಟೆಯಾಗಿರುತ್ತೆ. ಮುಂದಕ್ಕೆ ಹಾಕಿ ಚಾಮುಂಡಿ ಬೆಟ್ಟ ಇಳೀರಿ, ಪ್ರತಿ ತಿರುವಿನಲ್ಲೂ ಗಾಡಿ ಒಂದು ಮಟ್ಟದವರೆಗೆ ಬಾಗೋದೇ ಇಲ್ಲ, ಆಮೇಲೆ ಥಟ್ಟನೆ ಒಳಗೆ ಬೀಳುತ್ತೆ.

ರಿಬ್ಬಾ ಬಟನ್ನಾ ಅನ್ನೋದಕ್ಕೆ ನನ್ನ ಮತ ರಿಬ್. ಸುತ್ತ ನಿರಂತರವಾಗಿ ಹೋಗೋ ಗೆರೆ ಇರೋದರಿಂದ ನೇರ ಓಟ ಸ್ಥಿರ, ಡಾಂಬರಿನಲ್ಲಿ ಸಮವಾಗಿ ಸವೆಯುತ್ತೆ, ಹ್ಯಾಂಡಲ್ ಹಗುರ.

ನಾಲೆ ಬಯಲು

ಡಾಂಬರಿಗೆ ರಿಬ್ ಸರಿ ಸಾರ್, ಒಪ್ತೀನಿ. ಆದರೆ ಅವರು ನಾಲೆ ಏರಿ ಅಂದಿದ್ದಾರೆ. ವಿಶ್ವೇಶ್ವರಯ್ಯ ನಾಲೆ ಬಯಲಿನ ಜೇಡಿ ಮಣ್ಣಿನಲ್ಲಿ, ನೀರು ಬಿಟ್ಟ ಕಾಲದಲ್ಲಿ, ರಿಬ್ ಟೈರಿನ ಗೆರೆಗಳು ಎರಡು ಸುತ್ತಿಗೇ ಮೆತ್ತಿಕೊಳ್ತವೆ. ಮುಂದಕ್ಕೆ ಹೋಗೋಕೆ ತೊಂದರೆ ಇಲ್ಲ, ಅಡ್ಡ ಹಿಡಿತ ಮಾತ್ರ ಸೊನ್ನೆ. ಏರಿ ಅಂಚಿನಲ್ಲಿ ಮುಂದಿನ ಚಕ್ರ ಅಡ್ಡ ಜಾರಿದರೆ ಸೀದಾ ನಾಲೆಗೇ. ಕಬ್ಬು ಕಟಾವಿನ ಕಾಲದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರು ಸರ್ವೀಸ್ ರೋಡಲ್ಲಿ ಉದುರಿಸಿ ಹೋದ ಮಣ್ಣಿನ ಮೇಲೂ ಇದೇ ಕಥೆ. ಇಂಥ ಓಡಾಟಕ್ಕೆ ನಡುವೆ ಹತ್ತಿರ ಹತ್ತಿರ ಇರೋ ಬಟನ್ನು, ಅಂಚಿನಲ್ಲಿ ತುಸು ಬಿಡಿ ಬಿಡಿ ಬಟನ್ನು ಇರೋ ಯೂನಿವರ್ಸಲ್ ಟೈರೇ ಸರಿ. ದೊಡ್ಡ ದೊಡ್ಡ ಬಟನ್ನಿನ ಮಣ್ಣಿನ ಟೈರು ಬೇಡ. ಡಾಂಬರಿನಲ್ಲಿ ಬ್ರೇಕ್ ಹಾಕಿದಾಗ ಬಟನ್ ಬಾಗುತ್ತೆ, ಒಂದು ಅಂಚು ಎತ್ತರ ಒಂದು ಅಂಚು ತಗ್ಗು ಹಾಗೆ ಸವೆದು, ಆಮೇಲೆ ಹ್ಯಾಂಡಲ್ ಗುಂಯ್ ಅನ್ನುತ್ತೆ.

3.50 ಬಗ್ಗೆ: ಬೇಡ. ಅಗಲ ಐದಾರು ಮಿ.ಮೀ. ಜಾಸ್ತಿ ಅಷ್ಟೇ, ಅದರಿಂದ ಹಿಡಿತ ಏನೂ ಏರೋದಿಲ್ಲ. ಎತ್ತರವೂ ಏರೋದರಿಂದ ಮೂತಿ ಮೇಲಕ್ಕೆ ಬಂದು ಹ್ಯಾಂಡಲ್ ಭಾರವಾಗುತ್ತೆ. ಜಾವಾದ ಮುಂದಿನ ಮಡ್‌ಗಾರ್ಡ್ ಆಳವಾಗಿ ಟೈರನ್ನ ತಬ್ಬಿಕೊಂಡಿರುತ್ತೆ, ಎರಡೂ ಪಕ್ಕಕ್ಕೆ ಕನಿಷ್ಠ 8–10 ಮಿ.ಮೀ. ಜಾಗ ಉಳಿಯಬೇಕು. ಅಲ್ಲಿ ಜೇಡಿ ಮಣ್ಣು ಸೇರಿ ಗಟ್ಟಿಯಾದರೆ ಚಕ್ರವೇ ನಿಂತುಹೋಗುತ್ತೆ. ರಿಮ್ಮಿನ ಮೇಲಿನ ಅಗಲದ ಮುದ್ರೆ ನೋಡಿ: ಡಬ್ಲ್ಯೂಎಂ1 ಅಂದರೆ 1.60 ಇಂಚು, ಡಬ್ಲ್ಯೂಎಂ2 ಅಂದರೆ 1.85, ಡಬ್ಲ್ಯೂಎಂ3 ಅಂದರೆ 2.15. 3.25ಕ್ಕೆ 1.85 ಹೇಳಿ ಮಾಡಿಸಿದ ಅಗಲ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಸೈಡು ಒಳಕ್ಕೆ ಸೆಳೆದು ನೆತ್ತಿ ಉಬ್ಬುತ್ತೆ, ನೆಲಕ್ಕೆ ತಾಗೋ ಜಾಗ ಇದ್ದದ್ದೂ ಕಮ್ಮಿ.

ಟ್ಯೂಬ್‌ಲೆಸ್ ಹಾಕಿ ಅಂತಲೂ ಯಾರಾದರೂ ಹೇಳ್ತಾರೆ. ಸ್ಪೋಕ್ ರಿಮ್ಮಿನಲ್ಲಿ ಪ್ರತಿ ನಿಪ್ಪಲ್ (ಸ್ಪೋಕನ್ನ ರಿಮ್ಮಿಗೆ ಬಿಗಿಯೋ ಸಣ್ಣ ನಟ್ಟು) ತೂತಿನಿಂದಲೂ ಗಾಳಿ ಹೋಗುತ್ತೆ, ಟ್ಯೂಬು ಹಾಕಲೇಬೇಕು. ಟಿಟಿ, ಅಂದರೆ ಟ್ಯೂಬ್ ಟೈಪ್, ಅಂತ ಬರೆದಿರೋದನ್ನೇ ತಗೊಳ್ಳಿ.

ಮದ್ದೂರು ಜಾವಾ

ಹಾಗಾದರೆ 3.25-16, ಯೂನಿವರ್ಸಲ್ ಬಟನ್ನು, ಹೊಸ ತಾರೀಖು. ಟ್ಯೂಬು ಹಳೇದೇ ನಡೆಯುತ್ತಾ? ಕಳೆದ ವರ್ಷ ಹಾಕಿದ್ದು, ಒಂದೇ ಪಂಚರ್ ಇದೆ. ಹಾಕೋ ಕ್ರಮ ಯಾರಾದರೂ ಪೂರ್ತಿ ಬರೆದರೆ ಉಪಕಾರ.

ಸ್ಪೋಕು ನಿಪ್ಪಲು

ಹೊಸ ಟೈರಿಗೆ ಹೊಸ ಟ್ಯೂಬೇ ಹಾಕಿ. ಓಡಿದ ಟ್ಯೂಬು ಹಿಗ್ಗಿರುತ್ತೆ, ಹೊಸ ಟೈರಿನೊಳಗೆ ಒಂದು ಕಡೆ ಮಡಿಕೆ ಬಿದ್ದೇ ಬೀಳುತ್ತೆ. ಆ ಮಡಿಕೆ ಉಜ್ಜಿ ಉಜ್ಜಿ ಒಂದು ದಿನ ಸೀಳುತ್ತೆ. ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಇಳಿಯಬಹುದು, ಸೀಳಿದರೆ ಒಂದೇ ಏಟಿಗೆ ಖಾಲಿ, ಅದೂ ಮುಂದಿನ ಚಕ್ರ. ಟ್ಯೂಬಿನ ಮೇಲೆ 16 ಅಂತಲೇ ಇರಬೇಕು. 17ರ ಟ್ಯೂಬನ್ನ ಹೇಗೋ ತುರುಕಿಕೊಡೋ ಪಂಚರ್ ಅಂಗಡಿಗಳಿವೆ, ಅದರಲ್ಲೂ ಇದೇ ಮಡಿಕೆ ತೊಂದರೆ. ಜೊತೆಗೆ ಹೊಸ ರಿಮ್ ಟೇಪು (ನಿಪ್ಪಲ್ಲು ಟ್ಯೂಬಿಗೆ ತಾಗದ ಹಾಗೆ ರಿಮ್ಮಿನೊಳಗೆ ಸುತ್ತ ಕೂರೋ ಪಟ್ಟಿ).

ಬೇಕಾದ್ದು: 10–12 ಇಂಚಿನ, ತುದಿ ದುಂಡಗಿರೋ ಟೈರ್ ಲಿವರು ಮೂರು. ಸ್ಕ್ರೂಡ್ರೈವರ್ ಬಳಸಲೇಬೇಡಿ. ಕ್ರೋಮ್ ಉಳಿಸೋಕೆ ಹಳೇ ಪ್ಲಾಸ್ಟಿಕ್ ಡಬ್ಬ ಕತ್ತರಿಸಿ ಮೂರು ಇಂಚಿನ ನಾಲ್ಕೈದು ತುಂಡು ಮಾಡಿ, ರಿಮ್ಮಿಗೂ ಲಿವರಿಗೂ ನಡುವೆ ಇಡಿ. ಮೈ ಸೋಪಿನ ಗಟ್ಟಿ ನೀರು, ಒಂದು ಬ್ರಶ್ಶು, ಫ್ರೆಂಚ್ ಚಾಕ್ ಅಥವಾ ಸಾದಾ ಟಾಲ್ಕಂ ಪೌಡರ್, ವಾಲ್ವ್ ಕೀ, ಗಾಳಿ ನೋಡೋ ಗೇಜು. ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ ಬೇಡ. ಅವು ರಬ್ಬರನ್ನ ತಿಂತವೆ, ಒಣಗೋದೂ ಇಲ್ಲ. ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಜರುಗಿ ವಾಲ್ವಿನ ಬುಡವನ್ನೇ ಕೀಳುತ್ತೆ.

ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮುಂದಕ್ಕೆ ಬೀಳದ ಹಾಗೆ ಎಂಜಿನ್ ಕೆಳಗೆ ಮರದ ತುಂಡು ಕೊಡಿ. ಬ್ರೇಕ್ ಕೇಬಲ್ ಬಿಚ್ಚಿ, ಫೋರ್ಕ್ ಕಾಲಿನ ತುದಿಯ ಕ್ಲ್ಯಾಂಪ್ ಬೋಲ್ಟ್ ಸಡಿಲ ಮಾಡಿದ ಮೇಲೇ ಆಕ್ಸಲ್ ತೆಗೆಯಿರಿ. ಆಕ್ಸಲ್ ಬರಲಿಲ್ಲ ಅಂತ ಸುತ್ತಿಗೆಯಲ್ಲಿ ನೇರ ಹೊಡೆದರೆ ತುದಿ ಅರಳಿ ಫೋರ್ಕಿನ ತೂತನ್ನೇ ಕೆಡಿಸುತ್ತೆ. ವಾಷರ್, ಸ್ಪೇಸರ್ ಯಾವ ಕಡೆ ಯಾವುದಿತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ವಾಲ್ವಿನ ಒಳಗಿನ ಪಿನ್ ಪೂರ್ತಿ ತೆಗೆದು ಗಾಳಿ ಖಾಲಿ ಮಾಡಿ, ಹೊರಗಿನ ನಟ್ ಬಿಚ್ಚಿ. ಚಕ್ರವನ್ನ ಗೋಣಿಚೀಲದ ಮೇಲೆ ಮಲಗಿಸಿ ಬೀಡನ್ನ ಎರಡೂ ಕಡೆ ಸುತ್ತ ತುಳಿದು ಒಳಗೆ ಇಳಿಸಿ. ಇಲ್ಲಿ ಒಂದು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ: ಬೀಡ್ ಒಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗೋದಿಲ್ಲ. ರಿಮ್ಮಿನ ನಡುವೆ ಆಳವಾದ ಕಾಲುವೆ ಇದೆಯಲ್ಲ, ಒಂದು ಕಡೆಯ ಬೀಡು ಆ ಕಾಲುವೆಗೆ ಇಳಿದಾಗ ಎದುರು ಕಡೆ ಸಡಿಲ ಸಿಗುತ್ತೆ. ಲಿವರಿಗೆ ಜೋರು ಹಾಕಬೇಕಾಗಿ ಬಂತು ಅಂದರೆ ಎದುರುಗಡೆ ಬೀಡು ಕಾಲುವೆಯಿಂದ ಮೇಲೆ ಬಂದಿದೆ ಅಂತಲೇ ಅರ್ಥ. ಮೊಣಕಾಲು ಊರಿ ಅದನ್ನ ಮತ್ತೆ ಒಳಗೆ ತಳ್ಳಿ, ಜೋರು ಮಾಡಬೇಡಿ. ಬಿಚ್ಚುವಾಗ ವಾಲ್ವ್ ಪಕ್ಕದಿಂದ ಶುರು, ಒಂದು ಸಲಕ್ಕೆ ಎರಡು ಇಂಚು.

ಟೈರು ಬಿಚ್ಚಿದ ಮೇಲೆ ರಿಮ್ಮಿನ ಒಳಗೆ ನೋಡಿ. ಹೊರಗೆ ಮಿರಮಿರ ಹೊಳೆಯೋ ಜಾವಾ ರಿಮ್ಮಿನ ಒಳಗೆ ತುಕ್ಕು ಪದರ ಪದರವಾಗಿ ಎದ್ದಿರೋದು ಸಾಮಾನ್ಯ. ವಾಲ್ವ್ ತೂತಿನಿಂದ, ನಿಪ್ಪಲ್ಲಿನಿಂದ ನೀರು ಇಳಿದು ಅಲ್ಲೇ ನಿಲ್ಲುತ್ತೆ. ವೈರ್ ಬ್ರಶ್ಶಿನಿಂದ ಉಜ್ಜಿ, 120ರ ಎಮರಿ ಪೇಪರ್ ಹಾಕಿ, ಪ್ರೈಮರ್ ಮತ್ತು ಎನಾಮಲ್ ಬಳಿದು ಒಂದು ದಿನ ಪೂರ್ತಿ ಒಣಗಿಸಿ. ತುಕ್ಕಿನಿಂದ ತಗಡು ತೆಳ್ಳಗಾಗಿ ನಿಪ್ಪಲ್ ಸುತ್ತ ಬಿರುಕು ಕಂಡರೆ ಆ ರಿಮ್ಮು ಬಿಡಿ. ನಿಪ್ಪಲ್ ತಲೆಯಿಂದ ಮೇಲೆ ಬಂದ ಸ್ಪೋಕಿನ ತುದಿ ಇದ್ದರೆ ಅರದಿಂದ ಸವರಿ ಸಮ ಮಾಡಿ. ಔಟ್ (ಚಕ್ರ ತಿರುಗುವಾಗ ರಿಮ್ಮು ಓಲಾಡೋದು) ತೆಗೆಸೋದಿದ್ದರೆ ಈಗಲೇ. ಸ್ಪೋಕನ್ನ ಸಣ್ಣ ಸ್ಪ್ಯಾನರಿನಿಂದ ಮುಟ್ಟಿದರೆ ಎಲ್ಲದರಿಂದಲೂ ಹೆಚ್ಚುಕಡಿಮೆ ಒಂದೇ ನಾದ ಬರಬೇಕು, ಮಂಕಾಗಿ ಕೇಳೋದು ಸಡಿಲ. ಔಟ್ 2 ಮಿ.ಮೀ.ಗಿಂತ ಒಳಗಿರಲಿ. ಫೋರ್ಕಿಗೆ ಒಂದು ತಂತಿ ಕಟ್ಟಿ, ತುದಿಯನ್ನ ರಿಮ್ಮಿನ ಹತ್ತಿರ ತಂದು ಚಕ್ರ ತಿರುಗಿಸಿದರೆ ಕಣ್ಣಿಗೇ ಕಾಣುತ್ತೆ. ಆಮೇಲೆ ಹೊಸ ರಿಮ್ ಟೇಪು, ವಾಲ್ವ್ ತೂತಿಗೆ ಸರಿಯಾಗಿ. ಇನ್ಸುಲೇಷನ್ ಟೇಪು ಸುತ್ತಬೇಡಿ, ಬಿಸಿಗೆ ಅಂಟು ಕರಗಿ ಜರುಗುತ್ತೆ.

ಹಾಕುವಾಗ: ಬಾಣ ನೋಡಿಕೊಂಡು ಒಂದು ಕಡೆಯ ಬೀಡು ಮೊದಲು, ಇದು ಸೋಪ್ ನೀರಿದ್ದರೆ ಕೈಯಲ್ಲೇ ಇಳಿಯುತ್ತೆ. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹಗುರವಾದ ಜಾಗ, ವಾಲ್ವಿನ ನೇರಕ್ಕೆ ಇರಲಿ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರೋಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ, ವಾಲ್ವ್ ನಟ್ಟನ್ನ ಎರಡು ಸುತ್ತು ಹಿಡಿಸಿ. ಎರಡನೇ ಬೀಡನ್ನ ವಾಲ್ವಿಗೆ ಎದುರಿನಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ವಾಲ್ವಿನ ಬುಡ ದಪ್ಪ, ಅಲ್ಲಿ ಬೀಡು ಕಾಲುವೆಗೆ ಇಳಿಯೋದಿಲ್ಲ, ಹಾಗಾಗಿ ಕೊನೆಗೆ ಸಡಿಲ ಸಿಗಬೇಕಾದ್ದು ಎದುರುಗಡೆಯಿಂದ. ಲಿವರಿನ ತುದಿ ರಿಮ್ಮಿಗೆ ಕೊಕ್ಕೆ ಹಾಕೋಷ್ಟೇ ಒಳಗಿರಲಿ, ಜಾಸ್ತಿ ಹೋದರೆ ಟ್ಯೂಬನ್ನ ಕಚ್ಚುತ್ತೆ. ಕೊನೆಯ ನಾಲ್ಕು ಇಂಚಿನಲ್ಲೇ ಹೆಚ್ಚಿನ ಹೊಸ ಟ್ಯೂಬುಗಳು ಹಾಳಾಗೋದು. ಮುಗಿದ ಮೇಲೆ ವಾಲ್ವನ್ನ ಒಳಕ್ಕೆ ತಳ್ಳಿ ಬಿಡಿ, ಬೀಡಿನ ಕೆಳಗೆ ಸಿಕ್ಕಿಕೊಂಡ ಟ್ಯೂಬು ಮೇಲೆ ಬರುತ್ತೆ.

ಪಿನ್ ಹಾಕಿ ಗಾಳಿ ಹಾಕಿ. 30–35 ಪಿ.ಎಸ್.ಐ. ಹೊತ್ತಿಗೆ ಬೀಡು ಕೂರಬೇಕು, 40ರ ಮೇಲೆ ಹೋಗಬೇಡಿ. ಟೈರಿನ ಸೈಡಿನಲ್ಲಿ ರಿಮ್ಮಿನ ಅಂಚಿಗೆ ಹತ್ತಿರ ಒಂದು ಸಣ್ಣ ಗೆರೆ ಸುತ್ತ ಇದೆ. ರಿಮ್ಮಿನಿಂದ ಅದರ ಅಂತರ ಎಲ್ಲ ಕಡೆ, ಎರಡೂ ಪಕ್ಕ, ಒಂದೇ ಆಗಿರಬೇಕು. ಒಂದು ಕಡೆ ಮುಳುಗಿದ್ದರೆ ಗಾಳಿ ಇಳಿಸಿ, ಅಲ್ಲಿ ಸೋಪ್ ನೀರು ಹಾಕಿ, ಚಕ್ರವನ್ನ ನೆಲಕ್ಕೆ ಕುಟ್ಟಿ, ಮತ್ತೆ ಗಾಳಿ. ಕೂತ ಮೇಲೆ ಒಂದು ಸಲ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿ, ಟ್ಯೂಬಿನ ಮಡಿಕೆ ಬಿಚ್ಚಿಕೊಳ್ಳುತ್ತೆ. ವಾಲ್ವ್ ನಟ್ಟನ್ನ ರಿಮ್ಮಿಗೆ ಬಿಗಿಯಬೇಡಿ, ಮೇಲೆ ಮುಚ್ಚಳದ ಹತ್ತಿರ ಬಿಡಿ. ಟೈರು ಜರುಗಿದರೆ ವಾಲ್ವ್ ಓರೆಯಾಗಿ ಮೊದಲೇ ಹೇಳುತ್ತೆ. ಬಿಗಿದಿದ್ದರೆ ಹೇಳದೆ ಕಿತ್ತುಹೋಗುತ್ತೆ.

ಹಳೇಚಕ್ರ, ಮೈಸೂರು

ಚಕ್ರ ವಾಪಸ್ ಕೂರಿಸೋದರಲ್ಲಿ ಎರಡು ಮಾತು ಸೇರಿಸ್ತೀನಿ. ಬ್ರೇಕ್ ಪ್ಲೇಟಿನ ತಡೆ ಫೋರ್ಕ್ ಕಾಲಿನ ಮೇಲಿನ ಗುಬುಟಿಗೆ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಕೂರದಿದ್ದರೆ ಮೊದಲ ಜೋರು ಬ್ರೇಕಿಗೇ ಪ್ಲೇಟು ಚಕ್ರದ ಜೊತೆ ತಿರುಗಿ, ಕೇಬಲ್ ಸುತ್ತಿಕೊಂಡು, ಚಕ್ರ ಲಾಕ್ ಆಗುತ್ತೆ. ಇದರಲ್ಲಿ ಪ್ರಾಣವೇ ಹೋಗುತ್ತೆ, ದಯವಿಟ್ಟು ಎರಡು ಸಲ ನೋಡಿ.

ಇನ್ನೊಂದು, ಆಕ್ಸಲ್ ಬಿಗಿಯುವಾಗ ಬ್ರೇಕ್ ಲಿವರ್ ಹಿಡಿದಿರಲಿ, ಶೂ ಡ್ರಮ್ಮಿನ ನಡುವೆ ಕೂರುತ್ತೆ. ಆಮೇಲೆ ಗಾಡಿ ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನ ಐದಾರು ಸಲ ಒತ್ತಿ ಬಿಟ್ಟು, ಕೊನೆಗೆ ಕ್ಲ್ಯಾಂಪ್ ಬೋಲ್ಟ್ ಬಿಗಿಯಿರಿ. ಮೊದಲೇ ಬಿಗಿದರೆ ಎರಡು ಕಾಲು ಒಂದನ್ನೊಂದು ಎಳೆದು ಹಿಡಿದು ಫೋರ್ಕ್ ಗಟ್ಟಿಯಾಗುತ್ತೆ.

ಗಾಳಿ ಒಬ್ಬರೇ ಆದರೆ ಮುಂದೆ 20–22 ಪಿ.ಎಸ್.ಐ., ಬೆಳಿಗ್ಗೆ ಟೈರು ತಣ್ಣಗಿದ್ದಾಗ. ಬಂಕಿನಲ್ಲಿ ಕೇಳದೇ ಎರಡೂ ಚಕ್ರಕ್ಕೆ 35 ತುಂಬಿಬಿಡ್ತಾರೆ, ಆಗ ಸಣ್ಣ 16ರ ಚಕ್ರ ಪ್ರತಿ ಗುಂಡಿಗೂ ಪುಟಿಯುತ್ತೆ.

ಕೋನ್ ಸೆಟ್

ಹ್ಯಾಂಡಲ್ ನಡುಕದ ಬಗ್ಗೆ ಯಾರೂ ಹೇಳಲಿಲ್ಲ. 50ರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬರೋ ನಡುಕಕ್ಕೆ ಟೈರು ಒಂದೇ ಕಾರಣ ಅಂತ ತಿಳೀಬೇಡಿ. ಟೈರಿಗೆ ದುಡ್ಡು ಹಾಕೋ ಮುಂಚೆ ಮುಂದಿನ ಚಕ್ರ ನೆಲದಿಂದ ಎತ್ತಿ, ಫೋರ್ಕಿನ ಎರಡೂ ಕಾಲಿನ ಬುಡ ಹಿಡಿದು ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿ. ಮೇಲೆ ಟಕ್ ಅಂದರೆ ಕೋನ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಸಡಿಲ. ಆಮೇಲೆ ಹ್ಯಾಂಡಲನ್ನ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ. ನೇರಕ್ಕೆ ಬಂದಾಗ ಅಲ್ಲೇ ಕಚ್ಚಿ ನಿಂತರೆ ಗೋಲಿಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ. ಅದಕ್ಕೆ ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಬಟ್ಟಲು ಕೋನು ಗೋಲಿ ಎಲ್ಲ ಹೊಸದು ಹಾಕಬೇಕು. ಗೋಲಿ ಮಾತ್ರ ಬದಲಿಸೋದು ಕೆಲಸಕ್ಕೆ ಬಾರದು.

ಎರಡನೇದು, ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಡಿದರೆ ಹಬ್ ಬೇರಿಂಗ್. ಚಕ್ರ ಹೇಗೂ ಬಿಚ್ಚಿರ್ತೀರಿ, ಬೇರಿಂಗ್ ಒಳರಿಂಗನ್ನ ಬೆರಳಲ್ಲಿ ತಿರುಗಿಸಿ, ಕರಕರ ಅಂದರೆ ಅದರ ಮೇಲಿನ ನಂಬರ್ ಓದಿ ಅದೇ ತನ್ನಿ. ಮೂರನೇದು, ಹಳೇ ಟೈರಿನ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ ಅನ್ನಿಸಿದರೆ ನಡುಕದ ಒಂದು ಪಾಲು ಅಲ್ಲಿದೆ.

ಬ್ಯಾಲೆನ್ಸ್ ಮನೆಯಲ್ಲೇ ನೋಡಬಹುದು. ಬ್ರೇಕ್ ಪ್ಲೇಟ್ ತೆಗೆದು ಆಕ್ಸಲ್ ಮೇಲೆ ಚಕ್ರ ಹಗುರವಾಗಿ ತಿರುಗಲಿ, ನಿಂತಾಗ ಕೆಳಗೆ ಬಂದದ್ದು ಭಾರದ ಜಾಗ. ಎದುರಿನ ಸ್ಪೋಕಿಗೆ ಸೀಸದ ತಂತಿ ಸ್ವಲ್ಪ ಸ್ವಲ್ಪವೇ ಸುತ್ತುತ್ತಾ ಹೋಗಿ. ಎಲ್ಲಿ ಬಿಟ್ಟರೂ ಚಕ್ರ ಅಲ್ಲೇ ನಿಂತರೆ ಸಾಕು.

ಮದ್ದೂರು ಜಾವಾ

ಎಲ್ಲರಿಗೂ ವಂದನೆ. ನೇರಕ್ಕೆ ಬಂದಾಗ ಹ್ಯಾಂಡಲ್ ಕಚ್ತಾ ಇದೆ, ಹಾಗಾಗಿ ಕೋನ್ ಸೆಟ್ ಮೊದಲು, ಆಮೇಲೆ ಟೈರು. ಕೊನೇ ಪ್ರಶ್ನೆ: ತೆಗೆದ ಟೈರಲ್ಲಿ ಬಟನ್ ಇದೆಯಲ್ಲ, ಹಿಂದಿನ ಚಕ್ರಕ್ಕೆ ಸ್ವಲ್ಪ ದಿನ ಹಾಕಬಹುದಾ?

ಸ್ಪೋಕು ನಿಪ್ಪಲು

ಬೇಡ. ಹಿಂದಿನ ಚಕ್ರಕ್ಕೆ ಭಾರ ಇನ್ನೂ ಜಾಸ್ತಿ, ಬಿಸಿಯೂ ಜಾಸ್ತಿ, ಬಿರುಕು ಬಿಟ್ಟ ಸೈಡು ಅಲ್ಲಿ ಇನ್ನೂ ಬೇಗ ಒಡೆಯುತ್ತೆ. ಬೇರೆಯವರಿಗೂ ಕೊಡಬೇಡಿ, ಸೈಡನ್ನ ಒಂದು ಕಡೆ ಕೊಯ್ದು ಗುಜರಿಗೆ ಹಾಕಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತೆ, ಮೊದಲ 150 ಕಿಲೋಮೀಟರ್ ಜೋರಾಗಿ ಬಾಗಿಸಬೇಡಿ, ಒದ್ದೆಯಲ್ಲಿ ಬ್ರೇಕ್ ಮೆಲ್ಲಗೆ. ಅಷ್ಟು ಓಡಿದ ಮೇಲೆ ಸ್ಪೋಕಿನ ಬಿಗಿ, ಕೋನ್, ಕ್ಲ್ಯಾಂಪ್ ಬೋಲ್ಟು, ವಾಲ್ವ್ ನೆಟ್ಟಗಿದೆಯಾ, ಈ ನಾಲ್ಕನ್ನ ಇನ್ನೊಮ್ಮೆ ನೋಡಿ.